ಎಲ್ಲರೂ ಒಪ್ಪಿಕೊಂಡ ತಪ್ಪು

ಕಂತು ೩

ಹಗ್ಗ ಎಲ್ಲಿಯೂ ಹರಿದಿರಲಿಲ್ಲ.

ಮಸ್ಕಿ ಠಾಣೆಯ ಅಂಗಳದಲ್ಲಿ ನಿಂತಿದ್ದ ಲಾರಿಯ ಮೇಲೆ, ಭತ್ತ ಕೊಯ್ಯುವ ಹೊಸ ಮಿಷನ್ನಿನ ಪಕ್ಕ ಮೊಣಕಾಲೂರಿ ಕೂತು, ಆ ಹಗ್ಗದ ಮೇಲೆ ತುದಿಯಿಂದ ತುದಿಗೆ ಎರಡನೆಯ ಸಲ ಬೆರಳಾಡಿಸಿದೆ. ನಾರು ಎದ್ದಿಲ್ಲ, ಎಳೆ ಬಿಟ್ಟಿಲ್ಲ. ಯಾರೋ ಅದನ್ನು ಅಚ್ಚುಕಟ್ಟಾಗಿ ಸುತ್ತಿ ಮಿಷನ್ನಿನ ಸೀಟಿನ ಕೆಳಗೆ ಇಟ್ಟಿದ್ದರು. ಅದರ ಮೇಲೆ ಒಂದು ಕಬ್ಬಿಣದ ಪಿನ್ನು.

ಹಗ್ಗವೂ ಪಿನ್ನೂ ಇರಬೇಕಾದ ಜಾಗ ಅದಲ್ಲ. ಮಿಷನ್ನಿನ ಬೆನ್ನ ಮೇಲೆ ಕಾಳು ಸುರಿಯುವ ಉದ್ದನೆಯ ಪೈಪು ಇರುತ್ತದೆ. ಹೊಲದಲ್ಲಿ ಅದನ್ನು ಹೊರಕ್ಕೆ ತಿರುಗಿಸಿ ಟ್ರ್ಯಾಕ್ಟರಿಗೆ ಭತ್ತ ಸುರಿಯುತ್ತಾರೆ. ರಸ್ತೆಗೆ ಇಳಿಯುವ ಮುಂಚೆ ಒಳಕ್ಕೆ ಮಡಚಿ, ಪಿನ್ನು ಹಾಕಿ, ಮೇಲೆ ಹಗ್ಗ ಬಿಗಿಯಬೇಕು.

ನಿನ್ನೆ ಸೋಮವಾರ ಮಧ್ಯಾಹ್ನ ಈ ಲಾರಿ ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ನಾಲ್ಕು ಕಿಲೋಮೀಟರ್ ಹೋಗಿತ್ತು. ತಿರುವಿನಲ್ಲಿ ಪೈಪು ಹೊರಕ್ಕೆ ಚಾಚಿ, ಎದುರಿನಿಂದ ಬೈಕಿನಲ್ಲಿ ಬರುತ್ತಿದ್ದ ಪಾಮನಕಲ್ಲೂರಿನ ಗೋಪಣ್ಣನ ಎದೆಗೆ ಬಡಿಯಿತು. ಗೋಪಣ್ಣ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಲಾರಿಯ ಡ್ರೈವರ್ ಹುಸೇನಬಾಷಾ ಇದೇ ಠಾಣೆಯ ಒಳಗೆ ಕೂತಿದ್ದ. ಸಂಜೆ ಐದಕ್ಕೆ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು. ಗೋಪಣ್ಣ ಉಳಿಯದಿದ್ದರೆ ಬಾಷಾನ ಲೈಸೆನ್ಸು, ಹೊಟ್ಟೆಪಾಡು, ಇಪ್ಪತ್ತು ವರ್ಷ ಕಾಪಾಡಿಕೊಂಡ ಹೆಸರು, ಎಲ್ಲಕ್ಕೂ ಎಳ್ಳುನೀರು ಬಿಡಬೇಕಾಗಿತ್ತು.

ಅವನ ಹೆಂಡತಿ ಶಾಹೀಸ್ತಾ ಬೆಳಿಗ್ಗೆ ಲಿಂಗಸುಗೂರಿನ ನನ್ನ ಮನೆಯ ಕಟ್ಟೆಗೆ ಬಂದು, "ಕಾಕಾ, ಅವರನ್ನ ಬಿಡಿಸಿಕೊಡ್ರಿ" ಅಂದಿದ್ದಳು. ನಾನು ಆಯ್ತು ಅಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ಹೀಗೇ, ತಲೆಗಿಂತ ಮುಂದೆ ಓಡುತ್ತದೆ.

ಹಟ್ಟಿ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದು, ರಿಟೈರಾದ ಮೇಲೆ ಮನೆಯಲ್ಲಿ ಕೂರಲಾಗದೆ ಈ ಪತ್ತೇದಾರಿ ಕೆಲಸಕ್ಕೆ ಬಿದ್ದವನು ನಾನು. ಮುರಿದ ಕಬ್ಬಿಣವನ್ನು ಕೈಗೆ ಕೊಡಿ, ಹೇಗೆ ಮುರಿಯಿತು ಅಂತ ಹೇಳುತ್ತೇನೆ. ಮನುಷ್ಯರ ವಿಷಯದಲ್ಲಿ ಮಾತ್ರ ಅಷ್ಟಕ್ಕಷ್ಟೇ. ಅದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ.

ನನ್ನ ತಲೆ ಕೆಡಿಸಿದ್ದು ಹಗ್ಗಕ್ಕಿಂತ ಹೆಚ್ಚಾಗಿ ಉಳಿದ ಕಟ್ಟು. ಬಾಷಾ ಮಿಷನ್ನನ್ನು ಲಾರಿಗೆ ಕಟ್ಟಿದ ರೀತಿ ನೋಡಿದರೆ ಕೈ ಮುಗಿಯಬೇಕು ಅನಿಸುತ್ತಿತ್ತು. ಮಿಷನ್ನಿಗೆ ಗಾಲಿಯ ಬದಲು ಇರುವ ರಬ್ಬರ್ ಚೈನುಗಳ ಹಿಂದೆ ಮುಂದೆ ಮರದ ದಿಮ್ಮಿ, ಅಲ್ಲಾಡದಂತೆ ಮೊಳೆ. ನಾಲ್ಕು ಮೂಲೆಗೆ ನಾಲ್ಕು ಸರಪಳಿ. ಸರಪಳಿ ಮೈಗೆ ತಾಗುವಲ್ಲೆಲ್ಲ ಹಳೆಯ ಟೈರಿನ ತುಂಡು, ಬಣ್ಣ ಕೆದರಬಾರದು, ಎಣ್ಣೆಯ ಪೈಪು ಕೊಯ್ಯಬಾರದು ಅಂತ. ಮುಂದಿನ ಕಟರನ್ನು ಪೂರ್ತಿ ಕೆಳಗಿಳಿಸಿ ಅದರಡಿ ಗೋಣಿಚೀಲ ಮಡಿಸಿ ಹಾಕಿದ್ದ.

ಸೈಲೆನ್ಸರಿನ ಬಾಯಿಗೆ ಎಣ್ಣೆಯ ಡಬ್ಬಿಯೊಂದನ್ನು ಬೋರಲು ಹಾಕಿ ತಂತಿ ಸುತ್ತಿದ್ದ. ಲಾರಿ ಓಡುವಾಗ ಗಾಳಿ ಅದರೊಳಗೆ ಹೊಕ್ಕರೆ, ಇಂಜಿನ್ ಬಂದಾಗಿದ್ದರೂ ಒಳಗಿನ ಟರ್ಬೊ ಚಕ್ರ ಎಣ್ಣೆಯಿಲ್ಲದೆ ತಿರುಗಿ ತಿರುಗಿ ಕೆಟ್ಟುಹೋಗುತ್ತದೆ. ಇದು ಗೊತ್ತಿರುವ ಡ್ರೈವರುಗಳು ನಮ್ಮ ಕಡೆ ಹತ್ತು ಜನ ಸಿಕ್ಕರೆ ಹೆಚ್ಚು. ಸೈಲೆನ್ಸರಿನ ಬಾಯಿ ನೆನಪಿಟ್ಟವನು ಹತ್ತಡಿ ಪೈಪನ್ನು ಮರೆಯುತ್ತಾನೆಯೇ? ನನಗೆ ಇದು ಸುತಾರಾಂ ಹೊಂದುತ್ತಿರಲಿಲ್ಲ.

"ಇಳೀರಿ ಕಾಕಾ. ಅಲ್ಲಿ ನಿಮಗೇನೂ ಸಿಗಂಗಿಲ್ಲ."

ಕೆಳಗೆ ಹನುಮಂತು ನಿಂತಿದ್ದ. ಸಿಂಧನೂರಿನಲ್ಲಿ ಮಿಷನ್ನನ್ನು ಲಾರಿಗೆ ಏರಿಸಿ ಕಟ್ಟುವಾಗ ಬಾಷಾನ ಜೊತೆ ಇದ್ದ ಹಮಾಲ. ಮಸ್ಕಿಯವರೆಗೂ ಲಾರಿಯಲ್ಲೇ ಬಂದಿದ್ದ. ನಲವತ್ತು ದಾಟಿದ ಗಟ್ಟಿ ಆಳು, ಇವತ್ತು ಮಾತ್ರ ಮುಖದಲ್ಲಿ ಜೀವ ಇರಲಿಲ್ಲ.

"ಯಾಕ ಸಿಗಂಗಿಲ್ಲ?"

"ಪೈಪಿನ ಹಗ್ಗ ಬಿಚ್ಚಿದಾವ ನಾ. ತಿರುಗಿ ಕಟ್ಟಲಿಲ್ಲ. ಸಿಂಧನೂರ ಬಸ್ ಬಂತು, ಹತ್ತಿ ಹೋದ್ನಿ. ಬಾಷಾ ಕಟ್ಟತಾನ ಅನ್ಕೊಂಡೆ. ಅವ ನಾ ಕಟ್ಟೀನಿ ಅನ್ಕೊಂಡಿರಬೇಕು. ಎಸ್‌ಐ ಮೇಡಂಗೆ ಹೇಳ್ರಿ, ಅವನ್ನ ಬಿಟ್ಟು ನನ್ನ ಒಳಗ ಹಾಕ್ಲಿ."

"ನಡುದಾರ್ಯಾಗ ಹಗ್ಗ ಯಾಕ ಬಿಚ್ಚಿದಿ?"

ಅವನು ಅಂಗಳದ ಬೇವಿನ ಗಿಡದ ಕಡೆ ನೋಡಿದ. ಅದರ ಕೆಳಗೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸಂಗಮ್ಮ ಕೂತಿದ್ದರು. ಮಿಷನ್ನಿನ ಒಡತಿ, ಲಿಂಗಸುಗೂರಿನ ಕಡೆಯ ದೊಡ್ಡ ಒಕ್ಕಲುತನದವರು. ಡಬ್ಬಿ ಬಾಷಾನಿಗೆ ತಂದದ್ದಂತೆ. ತನ್ನ ಹೊಸ ಮಿಷನ್ನು ಹಾಳು ಮಾಡಿದವನಿಗೆ ರೊಟ್ಟಿ ತರುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹತ್ತಿರ ಹೋಗಿ ಕೇಳಿದರೆ ಆಕೆ ಒಂದಿಷ್ಟೂ ತಡವರಿಸಲಿಲ್ಲ.

"ಬಿಚ್ಚಸಿದಾಕಿ ನಾ. ತಪ್ಪು ನಂದು."

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

"ಹೊಸಾ ಮಿಷನ್ ನೋಡ್ರಿ. ಮಸ್ಕಿ ಮಲ್ಲಯ್ಯನ ಗುಡ್ಡದ ಬುಡಕ ಕಾಯಿ ಒಡಸದ ಮುಂದ ಒಯ್ಯಂಗಿಲ್ಲ ಅಂತ ನಾ ಮೊದಲೇ ಹೇಳಿದ್ದೆ. ಜೀಪ್ ತಗೊಂಡು ಬಂದು ಕಾಯಾಕತ್ತಿದ್ದೆ. ಲಾರಿ ಬಂತು. ನೋಡ್ತೀನಿ, ಮೈತುಂಬ ಸರಪಳಿ, ಹಗ್ಗ. ಕಟ್ಟಿ ಹಾಕಿದ ಎತ್ತಿಗೆ ಯಾರರ ಪೂಜಿ ಮಾಡ್ತಾರೇನ್ರಿ?"

"ಇದು ಎತ್ತಲ್ಲಲ್ರಿ ಅಮ್ಮ."

"ಬಾಷಾನೂ ಹಂಗ ಅಂದ. ಎತ್ತು ಬ್ಯಾರೆ, ಇದು ಬ್ಯಾರೆ, ಬಿಚ್ಚಿದ್ರ ಮತ್ತ ಬರೋಬ್ಬರಿ ಕಟ್ಟಾಕ ಒಂದು ತಾಸು ಹಿಡೀತೈತಿ, ಪೂಜಿ ಮನಿ ಮುಂದ ಮಾಡ್ರಿ ಅಂದ. ನಾ ಕೇಳಲಿಲ್ಲ. ನಮ್ಮ ಮನ್ಯಾಗ ಕಾರ ಹುಣ್ಣಿಮಿಗೆ ಎತ್ತಿನ ಮೈ ತೊಳದು, ಕೊಳ್ಳಾಗಿನ ಹಗ್ಗ ಬಿಚ್ಚಿ, ಆಮ್ಯಾಲ ಇಬತ್ತಿ ಹಚ್ಚತೀವಿ. ದುಡಿಯೋ ಜೀವ ಪೂಜಿ ಹೊತ್ತಿನ್ಯಾಗ ಬಂಧನದಾಗ ಇರಬಾರದು ಅಂತ ನಮ್ಮ ಮಾವ ಹೇಳ್ತಿದ್ರು. ಅದಕ್ಕ ಎಲ್ಲಾ ಬಿಚ್ಚಸಿದೆ. ಲಿಂಬಿಹಣ್ಣು ಇಟ್ಟು, ಮಿಷನ್ ಒಂದು ಗೇಣು ಮುಂದ, ಒಂದು ಗೇಣು ಹಿಂದ ಮಾಡಸಿದೆ."

"ಲಾರಿ ಮ್ಯಾಲೇ?"

"ಲಾರಿ ಮ್ಯಾಲೇ."

ನನ್ನ ವರ್ಕ್‌ಶಾಪಿನ ಜೀವ ಒಳಗೇ ನಡುಗಿತು. ನಾಲ್ಕು ಟನ್ನಿನ ಯಂತ್ರವನ್ನು ಕಟ್ಟು ಬಿಚ್ಚಿ ಲಾರಿಯ ಹಲಗೆಯ ಮೇಲೆ ಅಲ್ಲಾಡಿಸಿದ್ದಾರೆ, ಅದೂ ಒಂದು ಲಿಂಬೆಹಣ್ಣಿಗೆ. ಆದರೆ ಬೈಯಲು ಮನಸ್ಸು ಬರಲಿಲ್ಲ. ಮಿಷನ್ನಿನ ಹಣೆಯ ಮೇಲೆ ಆಕೆ ಎಳೆದಿದ್ದ ಮೂರು ಗೆರೆ ವಿಭೂತಿ ಇನ್ನೂ ಹಾಗೇ ಇತ್ತು.

"ಪೂಜಿ ಆದಮ್ಯಾಲ ಪೈಪು ಕಟ್ಟಿದ್ದು ನೋಡಿದ್ರೇನು?"

"ಎಲ್ಲೀದು. ಹನುಮಂತು ಹೋದ ಹಿಂದೇ, ಮನ್ಯಾಗ ಆರತಿ ತಯಾರ ಮಾಡಬೇಕಂತ ನಾನೂ ಜೀಪ್ ಹತ್ತಿದೆ. ನಾ ಹಟ ಮಾಡದಿದ್ರ ಆ ಗೋಪಣ್ಣ ಇವತ್ತ ತನ್ನ ಹೆಂಡ್ತಿ ಕೂಡ ಮನ್ಯಾಗ ಇರ್ತಿದ್ದ. ಮಿಷನ್ ಕೆಟ್ಟಿದ್ದು ಕೆಟ್ಟಿತು, ರಿಪೇರಿ ಮಾಡಸ್ತೀನಿ. ಅವನ್ನ ಹೆಂಗ ಮಾಡಸ್ಲಿ?" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಷ್ಟು ವರ್ಷ "ನಾನಲ್ಲ, ಅವನು" ಅಂದವರನ್ನೇ ನಾನು ಕಂಡಿದ್ದು. ತಪ್ಪು ನನ್ನದು, ನನ್ನದು ಅಂತ ಸಾಲು ನಿಂತವರನ್ನು ಕಂಡದ್ದು ಇದೇ ಮೊದಲು. ಕಳ್ಳ ಸಿಗದಿದ್ದರೆ ಹುಡುಕಬಹುದು. ತಾವಾಗಿಯೇ ಬಂದು ಮೂವರು ಸಿಕ್ಕರೆ ಏನು ಮಾಡುವುದು?

ಮೂರನೆಯವನು ಒಳಗಿದ್ದ. ಎಸ್‌ಐ ಉಮಾದೇವಿ ಹತ್ತು ನಿಮಿಷ ಮಾತಾಡಿ ಬನ್ನಿ ಅಂದರು. ಹಿಂದಿನ ಎರಡು ಕೇಸಿನಲ್ಲಿ ನಾನು ಸುಳ್ಳು ಹೇಳದೆ ನಡೆದುಕೊಂಡಿದ್ದೇನೆಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಒಳಗೆ ಬಿಡುತ್ತಿದ್ದರು.

ಬಾಷಾ ಗೋಡೆಗೆ ಒರಗಿ ಕೂತಿದ್ದ. ಆರಡಿ ಆಳು, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ನನ್ನನ್ನು ಕಂಡ ಕೂಡಲೇ ಬಲಗೈಯನ್ನು ಅಂಗಿಯ ಅಂಚಿನೊಳಗೆ ಎಳೆದುಕೊಂಡ. ಅಷ್ಟರಲ್ಲಿ ನಾನು ಕಂಡಿದ್ದೆ. ಅಂಗೈಗೆ ಬಟ್ಟೆ ಸುತ್ತಿತ್ತು, ರಕ್ತ ಒಣಗಿ ಕಪ್ಪಾಗಿತ್ತು.

"ಕೈಗೇನಾತು?"

"ಏನಿಲ್ರಿ. ಸರಪಳಿ ಬಿಗಿಯೋವಾಗ ಕೊಯ್ತು."

"ಸಿಂಧನೂರಾಗೋ, ಮಸ್ಕ್ಯಾಗೋ?"

"ಎಲ್ಲಿ ಆದ್ರೇನ್ರಿ."

"ಪೈಪು ಕಟ್ಟಿದ್ದೆಯೋ, ಇಲ್ಲೋ? ಒಂದು ಮಾತು ಹೇಳು. ಹನುಮಂತು ಮರೆತೀನಿ ಅಂತಾನ. ಸಂಗಮ್ಮ ನಂದು ತಪ್ಪು ಅಂತಾರ."

"ಅವರನ್ನ ಮನಿಗೆ ಕಳಸ್ರಿ. ಗಾಡಿ ನನ್ನ ಕೈಯಾಗಿತ್ತು, ತಪ್ಪು ನಂದು. ಕಬೂಲ್ ಮಾಡೀನಲ್ಲ, ಇನ್ನೇನು ಬೇಕು ನಿಮಗ?"

"ನಿನ್ನ ಹೆಂಡ್ತಿ ನನ್ನ ಕಳಿಸ್ಯಾಳೋ ಮಾರಾಯ."

ಆ ಮಾತಿಗೆ ಅವನು ಬೆಚ್ಚಿದ. ಅಷ್ಟು ಹೊತ್ತು ಕಲ್ಲಿನಂತೆ ಇದ್ದ ಮುಖ ಒಮ್ಮೆಲೇ ಕಂಗಾಲಾಯಿತು. "ಆಕಿ ನಿಮ್ಮ ಕಡೆ ಯಾಕ ಬಂದ್ಲು? ಕಾಕಾ, ಕೈ ಮುಗೀತೀನಿ, ಆಕೀನ ಊರಿಗೆ ಕಳಸ್ರಿ. ನೀವೂ ಹೋಗ್ರಿ." ಅಂದವನೇ ಗೋಡೆಯ ಕಡೆ ಮುಖ ತಿರುಗಿಸಿದ.

ಬಿಡಿಸಲು ಬಂದವನನ್ನೇ ಓಡಿಸುವ ಕೈದಿ. ನನ್ನ ತಲೆಯೊಳಗೆ ಜೇನುಗೂಡು ಎದ್ದಂತಾಗಿತ್ತು. ಹೊರಗೆ ಬಂದು ಒಂದು ಲೋಟ ನೀರು ಕುಡಿದೆ. ಗಡಿಯಾರದಲ್ಲಿ ಮೂರು ಹತ್ತು.

ಮೂರು ಇಪ್ಪತ್ತಕ್ಕೆ ನನ್ನ ಫೋನು ಕುಂಯ್ ಅಂದಿತು. ಸಿಂಧನೂರಿನ ದಾವಲ್‌ಸಾಬ್, ಲಾರಿಯ ಮಾಲಕ. ಬೆಳಿಗ್ಗೆ ನಾನೇ ಅವರಿಗೆ ಫೋನು ಮಾಡಿ, ಬಾಷಾ ಕಳಿಸಿದ್ದು ಏನಾದರೂ ಇದ್ದರೆ ಕೊಡಿ ಅಂದಿದ್ದೆ. ಮಿಷನ್ನು ಸಾಗಿಸುವಾಗ ಕಟ್ಟು ಹಾಕಿದ ಪ್ರತಿ ಸಲವೂ ಒಂದು ಫೋಟೋ ತೆಗೆದು ಮಾಲಕನಿಗೆ ಕಳಿಸುವುದು ಬಾಷಾನ ರೂಢಿ. ನಾಳೆ ಎಲ್ಲಿಯಾದರೂ ಬಣ್ಣ ಹೋದರೆ, ಗ್ಲಾಸು ಒಡೆದರೆ, ನಾನು ಹೀಗೆ ಕಟ್ಟಿದ್ದೆ ಅಂತ ತೋರಿಸಲು.

ಎರಡು ಫೋಟೋ ಬಂದಿದ್ದವು. ಒಂದು ಬೆಳಿಗ್ಗೆ ಎಂಟೂವರೆಯದು, ಸಿಂಧನೂರಿನಲ್ಲಿ ತೆಗೆದದ್ದು. ಇನ್ನೊಂದು ಮಧ್ಯಾಹ್ನ ಹನ್ನೆರಡು ಹತ್ತರದು. ಹಿಂದೆ ಮಲ್ಲಯ್ಯನ ಗುಡ್ಡದ ಬಂಡೆಗಳು. ಮಿಷನ್ನಿನ ಹಣೆಯಲ್ಲಿ ವಿಭೂತಿ. ಅಂದರೆ ಪೂಜೆ ಮುಗಿದ ಮೇಲಿನದು.

ಬೆರಳಿನಿಂದ ಹಿಗ್ಗಿಸಿ ನೋಡಿದೆ. ನಾಲ್ಕೂ ಸರಪಳಿ ಬಿಗಿಯಾಗಿದ್ದವು. ಟೈರಿನ ತುಂಡುಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಪೈಪು ಒಳಕ್ಕೆ ಮಡಚಿತ್ತು. ಪಿನ್ನು ಹಾಕಿತ್ತು. ಹಗ್ಗ ಮೂರು ಸುತ್ತು ಬಿಗಿದು ಗಂಟು ಹಾಕಿತ್ತು.

ಯಾರೂ ಮರೆತಿರಲಿಲ್ಲ. ಹನುಮಂತು ಮಾಡದ ತಪ್ಪಿಗೆ ಒಳಗೆ ಹೋಗಲು ಸಿದ್ಧನಾಗಿದ್ದ. ಸಂಗಮ್ಮ ಸುಮ್ಮನೆ ಅಳುತ್ತಿದ್ದರು. ಬಾಷಾ ತಾನು ಕಟ್ಟಿದ್ದನ್ನು ತಾನೇ ಹೇಳುತ್ತಿಲ್ಲ. ಹಾಗಾದರೆ ಕಟ್ಟಿದ ಹಗ್ಗ ನಾಲ್ಕು ಕಿಲೋಮೀಟರಿನಲ್ಲಿ ತಾನಾಗಿ ಬಿಚ್ಚಿಕೊಂಡು, ಸುತ್ತಿಕೊಂಡು, ಸೀಟಿನ ಕೆಳಗೆ ಹೋಗಿ ಕೂತಿತೇ?

ಆಗ ಇನ್ನೊಂದು ಕಣ್ಣಿಗೆ ಬಿತ್ತು. ಲಾರಿಯ ಹಿಂದಿನ ಗಾಲಿ ಫೋಟೋದಲ್ಲಿ ಮಸುಕಾಗಿತ್ತು. ಅದರಡಿ ದೂಳು ಎದ್ದಿತ್ತು. ಬಾಷಾ ನೆಲದ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದಾಗ ಲಾರಿ ಮುಂದೆ ಹೊರಟಿತ್ತು. ಡ್ರೈವರಿನ ಕಿಟಕಿಯಲ್ಲಿ ಒಂದು ಮೊಣಕೈ. ಆ ಕೈಯಲ್ಲಿ ಹಸಿರು ಗಾಜಿನ ಬಳೆ.

ನಿಜ ಹೇಳುತ್ತೇನೆ, ನನಗೆ ಕುಣಿಯಬೇಕು ಅನಿಸಿತು. ಅರ್ಥ ಏನು ಅಂತ ಯೋಚಿಸುವ ತಾಳ್ಮೆ ಇರಲಿಲ್ಲ. ನೇರ ಉಮಾದೇವಿಯವರ ಮೇಜಿನ ಮೇಲೆ ಫೋನು ಇಟ್ಟೆ.

"ನೋಡ್ರಿ ಮೇಡಂ. ಗಾಡಿ ಓಡಾಕತ್ತೈತಿ, ಬಾಷಾ ಕೆಳಗ ನಿಂತಾನ. ಡ್ರೈವರ್ ಸೀಟಿನ್ಯಾಗ ಅವ ಇಲ್ಲ. ಪೈಪೂ ಕಟ್ಟೇತಿ. ಈ ಮನಷ್ಯಾನ ಮ್ಯಾಲೆ ಏನು ಕೇಸ್ ಹಾಕ್ತೀರಿ?"

ಅವರು ಫೋಟೋ ಹಿಗ್ಗಿಸಿ ನೋಡಿದರು. "ಬಳೆ ಯಾರದು ಜಂಬಣ್ಣನವರೇ?"

ನಾನು ಬಾಗಿಲಾಚೆ ನೋಡಿದೆ. ನನ್ನ ಜೊತೆಯೇ ಠಾಣೆಗೆ ಬಂದಿದ್ದ ಶಾಹೀಸ್ತಾ ಅಂಗಳದ ಕಟ್ಟೆಯ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಸಿಂಧನೂರಿನಿಂದ ಗಂಡನ ಜೊತೆ ಲಾರಿಯಲ್ಲಿ ಹೊರಟದ್ದು ನಿಜ, ಪೂಜೆ ತಡವಾಯಿತೆಂದು ಮಸ್ಕಿಯಲ್ಲೇ ಬಸ್ ಹತ್ತಿ ಲಿಂಗಸುಗೂರಿನ ತವರಿಗೆ ಹೋದೆ ಅಂತ ಬೆಳಿಗ್ಗೆ ಹೇಳಿದ್ದಳು. ನಾನು ನಂಬಿದ್ದೆ.

"ಐದು ನಿಮಿಷ ಕೊಡ್ರಿ" ಅಂದು ಹೊರಗೆ ಬಂದೆ.

ಅವಳ ಎದುರು ನಿಂತು ಫೋಟೋ ಹಿಡಿದೆ. ಅವಳು ನೋಡಿದಳು. ಎಡಗೈಯಿಂದ ಬಲಗೈಯ ಬಳೆ ಮುಚ್ಚಿಕೊಂಡಳು, ಆಮೇಲೆ ಅದರಿಂದ ಉಪಯೋಗವಿಲ್ಲ ಅನಿಸಿತೇನೋ, ಕೈ ತೆಗೆದಳು.

"ನೀ ಬಸ್ ಹತ್ತಲಿಲ್ಲ."

"ಇಲ್ಲರಿ."

"ಲಾರಿ ಓಡಿಸಿದಾಕಿ ನೀ."

"ಹೌದ್ರಿ ಕಾಕಾ. ಹಂಗಾರ ತಪ್ಪು ನಂದೇ ಆತಲ್ಲ." ನಾಲ್ಕನೆಯ ಕಬೂಲಿ. ನಾನು ಅವಳ ಪಕ್ಕ ಕೂತುಬಿಟ್ಟೆ.

"ಸರಪಳಿ ತಿರುಗಿ ಬಿಗಿಯೋವಾಗ ಅವರ ಕೈ ಕೊಯ್ತು. ರಕ್ತ ನಿಲ್ಲವಲ್ದು. ಸ್ಟೇರಿಂಗ್ ಹಿಡಿಯಾಕ ಬರವಲ್ದು. ಅಲ್ಲಿ ಸಂಗಮ್ಮಾರ ಮನ್ಯಾಗ ಆರತಿ ಹಿಡ್ಕೊಂಡು ಕಾಯಾಕತ್ತಾರ, ತಡ ಆತು ಅಂತ ಫೋನ್ ಮ್ಯಾಲೆ ಫೋನು. ನಾ ಓಡಸ್ತೀನಿ ಅಂದೆ. ಅವರೇ ಕಲಿಸಿದ್ದು. ಖಾಲಿ ಗಾಡಿ ಎಷ್ಟೋ ಸಲ ಓಡಿಸೀನಿ. ಲೋಡ್ ಇದ್ದಿದ್ದು ಇದೇ ಮೊದಲು."

"ಲೈಸೆನ್ಸ್?"

"ಕಾರಿಂದ ಐತ್ರಿ. ಲಾರೀದು ಇಲ್ಲ. ಅದಕ್ಕ ಅವರು, ಪೊಲೀಸರು ಬರೂಕಿಂತ ಮೊದಲು ನನ್ನ ಇಳಿಸಿ, ತಾವು ಸೀಟಿನ್ಯಾಗ ಕುಂತ್ರು. ನೀ ಇಲ್ಲಿ ಇದ್ದಿದ್ದೇ ಇಲ್ಲ ಅಂತ ಆಣಿ ಮಾಡಿಸಿಕೊಂಡ್ರು. ರಾತ್ರಿಯೆಲ್ಲ ಕುಂತು ಯೋಚಿಸಿದೆ. ಅವರು ಒಳಗಿದ್ದು ನಾ ಹೊರಗಿದ್ದು ಹೆಂಗ ಉಣ್ಲಿ? ಅದಕ್ಕ ನಿಮ್ಮ ಕಡೆ ಬಂದೆ. ನೀವಾಗೇ ಕಂಡುಹಿಡದ್ರ ಆಣಿ ಮುರದಂಗ ಆಗಂಗಿಲ್ಲ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹೊರಟು ನನ್ನ ಕಣ್ಣಿಗೆ ಮಣ್ಣು ಎರಚಿದ್ದರು, ಆದರೂ ಸಿಟ್ಟು ಬರಲಿಲ್ಲ. ಲೈಸೆನ್ಸಿಲ್ಲದ್ದು ಬೇರೆ ತಪ್ಪು, ಅದಕ್ಕೆ ಬೇರೆ ದಂಡ. ಪೈಪು ಕಟ್ಟಿತ್ತು ಅಂತ ಫೋಟೋ ಇದೆ. ಬಾಷಾ ಮನೆಗೆ ಹೋಗಬಹುದು ಅನಿಸಿತು.

"ಒಂದು ಮಾತು ಉಳೀತು. ಫೋಟೋ ತೆಗೆದು ಅವ ಎಲ್ಲಿ ಕುಂತ? ನಿನ್ನ ಪಕ್ಕಕೋ?"

"ಇಲ್ರಿ. ಗಾಡಿ ನಿಲ್ಲಿಸಬ್ಯಾಡ, ಏರಿನ್ಯಾಗ ನಿಂತ್ರ ಮತ್ತ ಗಾಡಿ ಎತ್ತಾಕ ನಿನಗ ಬರಂಗಿಲ್ಲ, ನಾ ಹಿಂದಿಂದ ಹತ್ತತೀನಿ ಅಂದ್ರು. ಅವಸರದಾಗ ಕಟ್ಟಿದ್ದು, ಎಲ್ಲಿ ಸಡಲ ಆಗತೈತೋ, ಮಿಷನ್ ಮ್ಯಾಲೇ ನಿಂತು ನೋಡ್ಕೊಂತ ಬರ್ತೀನಿ ಅಂದ್ರು. ಮಿಷನ್ನಿಗೆ ಒಂದು ಗೀರು ಬಿದ್ರ ಅವರಿಗೆ ನಿದ್ದಿ ಬರಂಗಿಲ್ರಿ ಕಾಕಾ."

ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇತ್ತು. ಕೇಳಿ ನನಗೂ ಖುಷಿಯೇ ಆಯಿತು. ಹಗ್ಗ ಹೇಗೆ ಬಿಚ್ಚಿತು ಅನ್ನುವುದೊಂದೇ ತಿಳಿಯದೆ, ಅದನ್ನೇ ಕೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಉಮಾದೇವಿ ಹೊರಗೆ ಬಂದರು. ಕಿವಿಯ ಹತ್ತಿರ ಇನ್ನೂ ಫೋನಿತ್ತು. ಮೆಟ್ಟಿಲ ಮೇಲೆ ನಿಂತು ಅದನ್ನು ಜೇಬಿಗೆ ಹಾಕಿದರು.

"ಗೋಪಣ್ಣಗ ಎಚ್ಚರ ಆಗೇತಂತ. ನಮ್ಮ ಕಾನ್‌ಸ್ಟೇಬಲ್ ಹೇಳಿಕಿ ತಗೊಂಡ."

"ದೊಡ್ಡ ಉಪಕಾರ ದೇವರದು" ಅಂದಳು ಶಾಹೀಸ್ತಾ. ಎದ್ದು ನಿಂತಿದ್ದಳು.

ಉಮಾದೇವಿ ಅವಳ ಕಡೆ ನೋಡದೆ ನನಗೆ ಹೇಳಿದರು. "ಪೈಪು ತಾನಾಗಿ ತಿರುಗಿಲ್ಲ ಜಂಬಣ್ಣನವರೇ. ತಿರುವಿಗೆ ಬರೋಮುಂದ ಮಿಷನ್ ಮ್ಯಾಲೆ ಒಬ್ಬಾವ ನಿಂತಿದ್ನಂತ. ಗೋಪಣ್ಣನ್ನ ನೋಡಿದ್ನಂತ. ನೋಡಿ, ಎರಡೂ ಕೈಲೆ ಪೈಪು ಹಿಡದು ಅವನ ಮ್ಯಾಲೆ ದೂಡಿದ್ನಂತ. ಬಿಸಿಲು ಕಣ್ಣಿಗೆ ಹೊಡದು ಮುಖ ಕಾಣಲಿಲ್ಲ ಅಂತಾನ. ಇನ್ನ ಇದು ಆಕ್ಸಿಡೆಂಟ್ ಅಲ್ಲ. ಕೊಲೆ ಯತ್ನ."

ಸೀಟಿನಲ್ಲಿ ಕೂತೇ ಇದ್ದಿದ್ದರೆ ಬಾಷಾ ಬರೀ ಎಚ್ಚರಗೇಡಿ ಡ್ರೈವರ್ ಆಗಿರುತ್ತಿದ್ದ. ಬಿಡಿಸುತ್ತೇನೆ ಅಂತ ಬಂದ ನಾನೇ ಅವನನ್ನು ಸೀಟಿನಿಂದ ಎಬ್ಬಿಸಿ, ಮಿಷನ್ನಿನ ಮೇಲೆ ಒಯ್ದು ನಿಲ್ಲಿಸಿದ್ದೆ. ಆದರೆ ಗೋಪಣ್ಣನಿಗೂ ಬಾಷಾನಿಗೂ ಏನು ಸಂಬಂಧ? ಗಾಯವಾದ ಕೈಯಿಂದ ಅಷ್ಟು ಭಾರದ ಪೈಪು ದೂಡಲು ಆಗುತ್ತದೆಯೇ? ಅಥವಾ ಅಲ್ಲಿ ಇನ್ನೊಬ್ಬ ಇದ್ದನೇ? ನನಗೆ ಒಂದೂ ತಿಳಿಯಲಿಲ್ಲ.

"ಡ್ರೈವರ್ ಸೀಟಿನ್ಯಾಗ ಬಾಷಾ ಇದ್ದಿದ್ದಿಲ್ಲ ಅಂತ ನೀವೇ ಫೋಟೋ ತಂದು ತೋರಿಸಿದ್ರಿ" ಅಂದರು ಉಮಾದೇವಿ. "ಹಂಗಾರ ಅವ ಎಲ್ಲಿದ್ದ?"

"ನನ್ನ ಬಾಜೂಕ ಕುಂತಿದ್ರು ಮೇಡಂ." ಶಾಹೀಸ್ತಾ ಒಂದು ಹೆಜ್ಜೆ ಮುಂದೆ ಬಂದಳು. "ಗುಡ್ಡದಿಂದ ಆ ತಿರುವಿನ ತನಕ ಕ್ಯಾಬಿನ್ನಿನಾಗೇ ಇದ್ರು. ಹಿಂದ ಹೋಗೇ ಇಲ್ಲ."

ಅವಳು ನನ್ನ ಕಡೆ ನೋಡಲಿಲ್ಲ.

ಉಮಾದೇವಿ ನೋಟ್‌ಬುಕ್ ತೆರೆದು, ಪೆನ್ನು ಹಿಡಿದು, ಮೆಟ್ಟಿಲಿಳಿದು ನನ್ನ ಎದುರು ಬಂದು ನಿಂತರು.

"ಹೌದೇನ್ರಿ ಜಂಬಣ್ಣನವರೇ? ಈಗ ನಿಮಗೂ ಈಕಿ ಇದನ್ನೇ ಹೇಳಿದ್ಲೇನು?"